ಬೆಕ್ಕಿನ ಉಗುರು, ಬೆತ್ತದ ಕುರ್ಚಿ

ಮನುಷ್ಯನು ಸಾಕಿದ ಪ್ರಾಣಿಗಳಲ್ಲಿ ಬೆಕ್ಕಿನ ಸ್ಥಾನವೇ ಬೇರೆ. ಹಸು ಹಾಲು ಕೊಡುತ್ತದೆ, ಎತ್ತು ನೇಗಿಲು ಎಳೆಯುತ್ತದೆ, ನಾಯಿ ಬಾಗಿಲು ಕಾಯುತ್ತದೆ. ಇವೆಲ್ಲವೂ ಮನುಷ್ಯನ ಆಜ್ಞೆಗೆ ಒಳಪಟ್ಟು ದುಡಿಯುವ ಜೀವಿಗಳು. ಬೆಕ್ಕು ಮಾತ್ರ ಯಾರ ಆಜ್ಞೆಗೂ ಕಾಯುವುದಿಲ್ಲ. ಬೇಕೆನಿಸಿದಾಗ ಬರುತ್ತದೆ, ಬೇಡವೆನಿಸಿದಾಗ ಹೋಗುತ್ತದೆ. ಅದು ಇಲಿ ಹಿಡಿಯುವುದೂ ನಮ್ಮ ಉಪಕಾರಕ್ಕಾಗಿ ಅಲ್ಲ, ತನ್ನ ಸ್ವಭಾವದ ತೃಪ್ತಿಗಾಗಿ. ಬಹುಶಃ ಇದೇ ಕಾರಣದಿಂದ ನಮ್ಮ ಜನ ಬೆಕ್ಕನ್ನು ಮುದ್ದಿಸಿದಷ್ಟೇ ಸಂದೇಹದಿಂದಲೂ ನೋಡಿದ್ದಾರೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳತನ, ಇಲಿಯ ಪ್ರಾಣದೊಡನೆ ಆಡುವ ಚೆಲ್ಲಾಟ, ಗಂಟೆ ಕಟ್ಟಲು ಯಾರೂ ಮುಂದೆ ಬಾರದ ಭಯ, ಹೀಗೆ ಅದರ ಮೇಲಿನ ಆರೋಪಗಳೆಲ್ಲ ಗಾದೆಗಳಾಗಿ ಉಳಿದಿವೆ. ಕಪಟ ವೈರಾಗ್ಯ ತೋರುವವನಿಗೆ 'ಮಾರ್ಜಾಲ ಸನ್ಯಾಸಿ' ಎಂಬ ಬಿರುದನ್ನೇ ಕೊಟ್ಟಿದ್ದೇವೆ. ತಮಿಳುನಾಡಿನ ಮಾಮಲ್ಲಪುರದಲ್ಲಿ ಏಳನೆಯ ಶತಮಾನದ ಶಿಲ್ಪಿಗಳು ಬೃಹತ್ತಾದ ಬಂಡೆಯೊಂದರ ಮೇಲೆ ದೇವತೆಗಳನ್ನೂ ಆನೆಗಳನ್ನೂ ಕಡೆದಿರಿಸಿದ್ದಾರೆ. ಅವುಗಳ ನಡುವೆ, ಮುಂಗಾಲುಗಳನ್ನು ಮೇಲೆತ್ತಿ ತಪಸ್ಸು ಮಾಡುತ್ತಿರುವ ಒಂದು ಬೆಕ್ಕನ್ನೂ ಅದರ ಸುತ್ತ ನೆರೆದ ಇಲಿಗಳನ್ನೂ ಕೆತ್ತಲು ಅವರು ಮರೆಯಲಿಲ್ಲ.

ಇಷ್ಟೆಲ್ಲ ಆರೋಪಗಳನ್ನು ಹೊರಿಸಿದ ನಮ್ಮ ಹಿರಿಯರು, ಇಂದು ಬೆಕ್ಕು ಸಾಕಿದವರೆಲ್ಲ ಮೊದಲು ಹೇಳುವ ದೂರನ್ನು ಮಾತ್ರ ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಬೆಕ್ಕು ಮನೆಯ ಪೀಠೋಪಕರಣಗಳನ್ನು ಪರಚಿ ಹಾಳುಮಾಡುತ್ತದೆ ಎಂಬುದೇ ಆ ದೂರು. ಹಿರಿಯರು ಇದನ್ನು ಗಮನಿಸದಿರಲು ಕಾರಣ ಸರಳವಾದುದು. ನಮ್ಮ ಮಲೆನಾಡಿನ ಹಳ್ಳಿಯ ಮನೆಯಲ್ಲಿ ಕೂರಲು ಚಾಪೆಯೋ ಮಣೆಯೋ ಇರುತ್ತಿತ್ತೇ ಹೊರತು ಮೆತ್ತೆ ಹೊದಿಸಿದ ಆಸನಗಳಿರಲಿಲ್ಲ. ಬೆಕ್ಕಿಗೆ ಬೇಕಾದುದೆಲ್ಲ ಮನೆಯ ಹೊರಗೇ ಇತ್ತು: ಅಂಗಳದ ಅಂಚಿನಲ್ಲಿ ಹಲಸಿನ ಮರ, ಹಿತ್ತಿಲಲ್ಲಿ ಒಟ್ಟಿದ ಸೌದೆ, ಕೊಟ್ಟಿಗೆಯ ಕಂಬ, ಭತ್ತ ತುಂಬಿದ ಗೋಣಿಚೀಲಗಳು. ಅದು ಹಗಲಿಡೀ ಉಗುರು ಮಸೆದರೂ ಕೇಳುವವರಿರಲಿಲ್ಲ. ಹಲಸಿನ ಮರದ ತೊಗಟೆಯ ಮೇಲೆ ನಾಲ್ಕು ಗೀರು ಹೆಚ್ಚಾದರೆ ಯಾರಿಗೆ ನಷ್ಟ? ಆದರೆ ಮನುಷ್ಯನು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಬಂದಾಗ ಬೆಕ್ಕೂ ಅವನೊಡನೆ ಬಂದಿತು. ಅವನು ಅಂಗಳವನ್ನೂ ಹಿತ್ತಿಲನ್ನೂ ಊರಿನಲ್ಲಿ ಬಿಟ್ಟುಬಂದ. ಬೆಕ್ಕು ತನ್ನ ಉಗುರುಗಳನ್ನು ಎಲ್ಲಿ ಬಿಟ್ಟು ಬರಬೇಕು?

ಈ ಪ್ರಶ್ನೆ ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ನಮ್ಮ ಮನೆಯಲ್ಲಿಯೇ ಉದ್ಭವಿಸಿತು. ನಮ್ಮ ನಡುಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಬೆತ್ತದ ಕುರ್ಚಿಯಿದೆ. ತೇಗದ ಚೌಕಟ್ಟು, ಅಗಲವಾದ ಎರಡು ಕೈಗಳು, ಕೂರುವ ಭಾಗಕ್ಕೂ ಬೆನ್ನಿಗೂ ಹೆಣೆದ ಬೆತ್ತ. ಅದು ನಮ್ಮ ತಂದೆಯವರ ಕುರ್ಚಿ. ಸಂಜೆಯ ಹೊತ್ತು ಅವರು ಅದರಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ವೃತ್ತಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಹಳ್ಳಿಯ ಮನೆಯನ್ನು ಬಿಟ್ಟು ನಮ್ಮೊಡನೆ ಇರಲು ಬಂದಾಗ, ಪಾತ್ರೆಪಡಗಗಳನ್ನೆಲ್ಲ ನೆಂಟರಿಷ್ಟರಿಗೆ ಹಂಚಿ ತಮಗೆಂದು ತಂದದ್ದು ಎರಡೇ ವಸ್ತುಗಳನ್ನು: ದೇವರ ಪೆಟ್ಟಿಗೆ ಮತ್ತು ಈ ಕುರ್ಚಿ. ಪ್ರತಿದಿನ ಬೆಳಗ್ಗೆ ಅವರು ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಅದರಲ್ಲಿ ತಾವು ಕೂರುವುದಿಲ್ಲ, ಬಂದವರು ಕೂತರೆ ಬೇಡವೆನ್ನುವುದೂ ಇಲ್ಲ.

ಅದೇ ಮನೆಗೆ ಒಂದು ಮಳೆಗಾಲದಲ್ಲಿ ನನ್ನ ಮಗಳು ನೆನೆದು ಮುದ್ದೆಯಾಗಿದ್ದ ಬೆಕ್ಕಿನ ಮರಿಯೊಂದನ್ನು ಎತ್ತಿಕೊಂಡು ಬಂದಳು. ಶಾಲೆಯ ದಾರಿಯಲ್ಲಿ ಚರಂಡಿಯ ಅಂಚಿನಲ್ಲಿ ಅದು ಕೂಗುತ್ತಿತ್ತಂತೆ. ಬೂದು ಬಣ್ಣದ ಮೈ, ಎದೆಯ ಮೇಲೆ ಮಲ್ಲಿಗೆಯ ಮೊಗ್ಗಿನಷ್ಟು ಬಿಳುಪು. ಹೀಗಾಗಿ ಅದಕ್ಕೆ ಮಲ್ಲಿ ಎಂದು ಹೆಸರಾಯಿತು. ತಾಯಿಯವರೂ ಅದಕ್ಕೆ ಹಾಲನ್ನ ಕಲಸಿ ಹಾಕುತ್ತಿದ್ದರು. ಮಗಳು ಓದುವಾಗ ಅದು ಪುಸ್ತಕದ ಮೇಲೆಯೇ ಮಲಗುತ್ತಿತ್ತು. ಒಡಹುಟ್ಟಿದವರಿಲ್ಲದ ಹುಡುಗಿಗೆ ಅದು ತಂಗಿಯೂ ಆಯಿತು, ಗೆಳತಿಯೂ ಆಯಿತು. ಮರಿ ಬೆಳೆದು ಬೆಕ್ಕಾದಾಗ ಒಂದು ದಿನ ತಾಯಿಯವರು ಕುರ್ಚಿಯನ್ನು ಒರೆಸುತ್ತ ತಟ್ಟನೆ ನಿಂತರು. ಬೆನ್ನಿನ ಹಿಂಬದಿಯಲ್ಲಿ ಬೆತ್ತದ ಎಳೆಗಳು ಕಿತ್ತು, ನಾರು ನಾರಾಗಿ ಜೋತಾಡುತ್ತಿದ್ದವು.

ತಾಯಿಯವರು ಕೂಗಾಡಲಿಲ್ಲ. ಕೂಗಾಡಿದ್ದರೆ ಸಮಾಧಾನ ಹೇಳುವುದು ಸುಲಭವಾಗುತ್ತಿತ್ತು. ಕಿತ್ತ ಎಳೆಯೊಂದನ್ನು ಬೆರಳಿನಿಂದ ಒತ್ತಿ ಅದರ ಜಾಗದಲ್ಲಿ ಕೂರಿಸಲು ಯತ್ನಿಸಿದರು. ಅದು ನಿಲ್ಲಲಿಲ್ಲ. "ಇದೊಂದೇ ಉಳಿದಿತ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ವಾರ ಮನೆಗೆ ಬಂದಿದ್ದ ಸೋದರಮಾವನವರು ತಕ್ಷಣ ಪರಿಹಾರ ಸೂಚಿಸಿದರು. "ಅದಕ್ಕೇನಕ್ಕಾ, ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬಂದರಾಯಿತು. ನಮ್ಮ ಊರಿನಲ್ಲಿ ಎಷ್ಟು ಬೆಕ್ಕುಗಳನ್ನು ಹಾಗೆ ಬಿಟ್ಟಿಲ್ಲ!" ತಾಯಿಯವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಾಗಿಲ ಬಳಿ ನಿಂತಿದ್ದ ಮಗಳು ಮಾತ್ರ ಬೆಕ್ಕನ್ನು ಎದೆಗೆ ಅವಚಿಕೊಂಡು, "ಅಜ್ಜೀ, ಅದು ಅಜ್ಜನ ಕುರ್ಚಿ ಅಂತ ಮಲ್ಲಿಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದಳು.

ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಒಂದು ಕಡೆ ಗತಿಸಿದವರ ನೆನಪು, ಇನ್ನೊಂದು ಕಡೆ ಬದುಕಿರುವ ಒಂದು ಜೀವ ಮತ್ತು ಅದನ್ನು ನಂಬಿದ ಮಗು. ಒಂದನ್ನು ಉಳಿಸಲು ಇನ್ನೊಂದನ್ನು ಕಳೆದುಕೊಳ್ಳಲೇಬೇಕೆ? ನಾನು ತಾಯಿಯವರ ಬಳಿ ಒಂದು ತಿಂಗಳ ಕಾಲಾವಕಾಶ ಕೇಳಿದೆ. ಅವರು, "ಅಲ್ಲಿಯವರೆಗೆ ಕುರ್ಚಿ ಉಳಿದರೆ ತಾನೆ" ಎಂದರು. ಆದರೂ ಒಪ್ಪಿದರು.

ಮೊದಲ ಕೆಲಸವೆಂದು ನಾನು ಬೆಕ್ಕನ್ನು ಗಮನಿಸಲಾರಂಭಿಸಿದೆ. ಮಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಕಟ್ಟೆಯ ಮೇಲೆ ಮಲಗುತ್ತಿತ್ತು. ಎದ್ದ ಕೂಡಲೇ ಕೆಳಕ್ಕೆ ನೆಗೆದು, ಎರಡೇ ಹೆಜ್ಜೆ ದೂರದಲ್ಲಿದ್ದ ಕುರ್ಚಿಯ ಬೆನ್ನಿಗೆ ಮುಂಗಾಲುಗಳನ್ನು ಊರಿ, ಹಿಂಗಾಲುಗಳ ಮೇಲೆ ನಿಂತು, ಇಡೀ ಮೈಯನ್ನು ಬಿಲ್ಲಿನಂತೆ ಎಳೆಯುತ್ತಿತ್ತು. ಆಮೇಲೆ ಒಂದಾದ ಮೇಲೊಂದು ಪಂಜವನ್ನು ಕೆಳಮುಖವಾಗಿ ಜಗ್ಗುತ್ತಿತ್ತು. ಮನೆಗೆ ಯಾರಾದರೂ ಬಂದಾಗಲೂ, ಆಟದ ಹುರುಪಿನಲ್ಲಿರುವಾಗಲೂ ಹೀಗೆಯೇ ಮಾಡುತ್ತಿತ್ತು. ಕೋಪವಾಗಲಿ ಹಟವಾಗಲಿ ಅದರಲ್ಲಿ ಕಾಣುತ್ತಿರಲಿಲ್ಲ. ನಾವು ಬೆಳಗ್ಗೆ ಎದ್ದು ಮೈಮುರಿದು ಆಕಳಿಸುವಷ್ಟೇ ಸಹಜವಾಗಿ ಅದು ಈ ಕೆಲಸವನ್ನು ಮಾಡುತ್ತಿತ್ತು.

ಒಂದು ದಿನ ಮಗಳು ಗಾಬರಿಯಿಂದ ಓಡಿಬಂದು ಅಂಗೈ ತೋರಿಸಿದಳು. ಬೆತ್ತದ ಎಳೆಗಳ ನಡುವೆ ಸಿಕ್ಕಿದ್ದ, ಕೊಕ್ಕೆಯಂತೆ ಬಾಗಿದ ಒಂದು ಸಣ್ಣ ವಸ್ತು ಅವಳ ಕೈಯಲ್ಲಿತ್ತು. ಬೆಕ್ಕಿನ ಉಗುರೇ ಮುರಿದು ಬಂದಿದೆಯೆಂದು ಅವಳು ಅಳುವಂತಾಗಿದ್ದಳು. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಪಶುವೈದ್ಯರ ಬಳಿಗೆ ಒಯ್ದೆವು. ಅವರು ಆ ವಸ್ತುವನ್ನು ಬೆಳಕಿಗೆ ಹಿಡಿದು ನಕ್ಕರು. ಅದು ಉಗುರಲ್ಲ, ಉಗುರಿನ ಪೊರೆ. ಒಳಗೆ ಟೊಳ್ಳು. ಹಾವು ಪೊರೆ ಬಿಡುವುದನ್ನು ನಾವೆಲ್ಲ ಬಲ್ಲೆವು. ಬೆಕ್ಕಿನ ಉಗುರೂ ಹಾಗೆಯೇ ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಪದರ ಹಳತಾಗಿ ಮೊಂಡಾದಾಗ, ಬೆಕ್ಕು ಅದನ್ನು ಒರಟಾದ ವಸ್ತುವಿಗೆ ಸಿಕ್ಕಿಸಿ ಎಳೆದು ಕಳಚಿಕೊಳ್ಳುತ್ತದೆ. ಒಳಗಿನಿಂದ ಹೊಸ ಮೊನೆ ಹೊರಬರುತ್ತದೆ. ಹಿಂಗಾಲುಗಳ ಉಗುರಿನ ಪೊರೆಯನ್ನಾದರೆ ಅದು ಹಲ್ಲಿನಿಂದ ಕಚ್ಚಿ ತೆಗೆಯಬಲ್ಲದು. ಮುಂಗಾಲುಗಳಿಗೆ ಮಾತ್ರ ಮರವೋ ಮರದಂಥ ವಸ್ತುವೋ ಬೇಕು.

ವೈದ್ಯರು ಮಲ್ಲಿಯ ಪಂಜವನ್ನು ಮೆಲ್ಲನೆ ಒತ್ತಿ ಉಗುರುಗಳನ್ನು ಹೊರಬರಿಸಿ ತೋರಿಸಿದರು. ಸಾಮಾನ್ಯವಾಗಿ ಬೆಕ್ಕಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳು. ನಡೆಯುವಾಗ ಅವು ನೆಲಕ್ಕೆ ತಗಲದಂತೆ, ಸ್ಥಿತಿಸ್ಥಾಪಕ ಗುಣವುಳ್ಳ ತಂತುಗಳು ಅವನ್ನು ಸದಾ ಹಿಂದಕ್ಕೆ ಎಳೆದಿಟ್ಟಿರುತ್ತವೆ. ಆದ್ದರಿಂದಲೇ ಬೆಕ್ಕಿನ ಹೆಜ್ಜೆಗೆ ಸದ್ದಿಲ್ಲ, ಮೊನೆಗೆ ಸವಕಳಿಯಿಲ್ಲ. ಬೇಕಾದಾಗ ಸ್ನಾಯುಗಳನ್ನು ಬಿಗಿಹಿಡಿದರೆ ಒರೆಯಿಂದ ಹಿರಿದ ಕತ್ತಿಗಳಂತೆ ಅವು ಮುಂದೆ ಬರುತ್ತವೆ. ಈ ಉಗುರುಗಳ ಬಲದಿಂದಲೇ ಬೆಕ್ಕು ಮರವೇರುತ್ತದೆ. ಅವು ಹಿಂದಕ್ಕೆ ಬಾಗಿರುವುದರಿಂದಲೇ ತಲೆ ಕೆಳಗಾಗಿ ಇಳಿಯಲಾರದೆ ಬಾಲ ಮುಂದುಮಾಡಿ ತಡವರಿಸುತ್ತ ಇಳಿಯುತ್ತದೆ. ಮೈಯನ್ನು ಎಳೆದು ಉಗುರೂರುವಾಗ ಅದರ ಭುಜ, ಬೆನ್ನು, ಕಾಲುಗಳ ಸ್ನಾಯುಗಳಿಗೆಲ್ಲ ವ್ಯಾಯಾಮ ದೊರೆಯುತ್ತದೆ.

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಬೆಕ್ಕಿನ ಪಂಜದ ಬೆರಳುಗಳ ನಡುವೆ ಗಂಧ ಸೂಸುವ ಗ್ರಂಥಿಗಳಿವೆ. ಅದು ಪರಚಿದ ಜಾಗದಲ್ಲಿ ನಮ್ಮ ಕಣ್ಣಿಗೆ ಗೀರು ಮಾತ್ರ ಕಾಣುತ್ತದೆ. ಬೆಕ್ಕಿನ ಮೂಗಿಗಾದರೋ ಅಲ್ಲೊಂದು ಬರೆಹವೇ ಇರುತ್ತದೆ: 'ಇದು ನನ್ನ ನೆಲೆ, ನಾನು ಇಲ್ಲಿದ್ದೇನೆ.' ಅದರ ದೊಡ್ಡ ಬಂಧುವಾದ ಹುಲಿಯೂ ಹೀಗೆಯೇ ಮಾಡುತ್ತದೆ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಮರದ ಕಾಂಡಗಳ ಮೇಲೆ ಆಳವಾದ ಉಗುರಿನ ಗೀರುಗಳನ್ನು ಕಂಡು, ಈ ಹಾದಿಯಲ್ಲಿ ಹುಲಿ ಓಡಾಡುತ್ತಿದೆ ಎಂದು ಕಾಡನ್ನು ಬಲ್ಲವರು ತಿಳಿಯುತ್ತಾರೆ. ಕಾಡಿನಲ್ಲಿ ನಾವು ಬೆರಗಿನಿಂದ ನೋಡುವ ಆ ಗುರುತೇ ನಮ್ಮ ನಡುಮನೆಯ ಕುರ್ಚಿಯ ಬೆನ್ನಿಗೆ ಬಂದಾಗ ಅಪರಾಧವಾಗುತ್ತದೆ! ಮಲ್ಲಿಯ ಲೆಕ್ಕದಲ್ಲಿ ಆ ಕುರ್ಚಿ ಕುರ್ಚಿಯೇ ಅಲ್ಲ. ಅದು ಮಲಗುವ ಎಡೆಗೆ ಹತ್ತಿರವಾದ, ಅಲುಗಾಡದ, ಒರಟು ಮೈಯ ಒಂದು ಮರ. ಎಲ್ಲರೂ ಹಾದುಹೋಗುವ ದಾರಿಯಲ್ಲಿರುವುದರಿಂದ ತನ್ನ ಗುರುತು ಬಿಡಲು ಅದಕ್ಕಿಂತ ತಕ್ಕ ಸ್ಥಳ ಮನೆಯಲ್ಲಿ ಬೇರೊಂದಿಲ್ಲ.

ಈ ಸ್ವಭಾವ ಎಷ್ಟು ಹಳೆಯದೆಂಬುದನ್ನು ನೆನೆದರೆ ನಮ್ಮ ಅಸಮಾಧಾನ ತುಸು ಕಡಿಮೆಯಾದೀತು. ಸಾಕುಬೆಕ್ಕಿನ ಮೂಲ ಪುರುಷ ಆಫ್ರಿಕದ ಕಾಡುಬೆಕ್ಕು ಎಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ಮನುಷ್ಯನು ಧಾನ್ಯ ಬೆಳೆದು ಕೂಡಿಡಲು ಕಲಿತಾಗ ಕಣಜಕ್ಕೆ ಇಲಿಗಳು ಬಂದವು. ಇಲಿಗಳನ್ನು ಹಿಂಬಾಲಿಸಿ ಬೆಕ್ಕು ಬಂದಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಗಳು ದೊರೆತ ವಿಷಯವನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಆ ಸಮಾಧಿ ಸುಮಾರು 9,500 ವರ್ಷಗಳಷ್ಟು ಹಿಂದಿನದು. ಇಷ್ಟು ದೀರ್ಘ ಕಾಲ ಜೊತೆಗಿದ್ದರೂ ಮನುಷ್ಯನು ನಾಯಿಯನ್ನು ತಿದ್ದಿದಂತೆ ಬೆಕ್ಕನ್ನು ತಿದ್ದಲಿಲ್ಲ. ಅದರ ಇಲಿ ಬೇಟೆಯೇ ಅವನಿಗೆ ಸಾಕಾಗಿತ್ತು. ಬೇಟೆಗೆ ಬೇಕಾದ ಉಗುರನ್ನು ಬಯಸಿ ಮನೆಯೊಳಕ್ಕೆ ಕರೆದುಕೊಂಡವರು ನಾವೇ.

ಹಾಗಾದರೆ ಕುರ್ಚಿಯನ್ನು ಉಳಿಸುವುದು ಹೇಗೆ? ನೆರೆಹೊರೆಯವರಿಂದ ಸಲಹೆಗಳು ಧಾರಾಳವಾಗಿ ಬಂದವು. ಒಬ್ಬರು ಕೋಲು ಹಿಡಿಯಿರಿ ಎಂದರು. ಇನ್ನೊಬ್ಬರು ಮುಖಕ್ಕೆ ನೀರು ಎರಚಿ ಎಂದರು. ಮತ್ತೊಬ್ಬರು ಕುರ್ಚಿಗೆ ಮೆಣಸಿನಪುಡಿ ಬಳಿಯಿರಿ ಎಂದರು. ಇವನ್ನೆಲ್ಲ ಕೇಳಿದಾಗ ನನಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನೆನಪಾಯಿತು. ವಿಜಯನಗರದ ಅರಸ ಕೃಷ್ಣದೇವರಾಯನು ಪ್ರಜೆಗಳಿಗೆ ಒಂದೊಂದು ಬೆಕ್ಕನ್ನೂ ಅದಕ್ಕೆ ಹಾಲುಣಿಸಲು ಒಂದೊಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ನಾಲಗೆ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲಿನ ಬಟ್ಟಲನ್ನು ಕಂಡರೇ ಓಡಿಹೋಗುತ್ತಿತ್ತು. ಹಾಲೆಲ್ಲ ರಾಮಕೃಷ್ಣನ ಪಾಲಾಯಿತು. ನಾವು ಈ ಕಥೆಯನ್ನು ಕೇಳಿ ನಗುತ್ತೇವೆ. ಆದರೆ ಅದರಲ್ಲಿ ಒಂದು ಸತ್ಯ ಅಡಗಿದೆ. ಬೆಕ್ಕು ಆ ದಿನ ಕಲಿತದ್ದು ಭಯವನ್ನು ಮಾತ್ರ. ಹಾಲು ಆರಿದ ಮೇಲೆ ಕುಡಿಯಬಹುದೆಂಬ ವಿವೇಕವನ್ನು ಅದು ಕಲಿಯಲಿಲ್ಲ. ಹೊಡೆದರೆ ಬೆಕ್ಕು ಹೊಡೆದವರನ್ನು ಕಂಡು ಹೆದರುತ್ತದೆ. ಅವರು ಅತ್ತ ಹೋದೊಡನೆ ಇತ್ತ ಕುರ್ಚಿಗೆ ಬರುತ್ತದೆ. ಉಗುರು ಬೆಳೆಯುವುದಂತೂ ಏಟಿಗೆ ಹೆದರಿ ನಿಲ್ಲುವುದಿಲ್ಲ. ಮೆಣಸಿನಪುಡಿ ಪಂಜಕ್ಕೆ ಅಂಟಿ, ಪಂಜವನ್ನು ನೆಕ್ಕುವ ನಾಲಗೆಯನ್ನೂ ಒರೆಸಿಕೊಳ್ಳುವ ಕಣ್ಣನ್ನೂ ಉರಿಸುತ್ತದೆ. ಹೆದರಿದ ಬೆಕ್ಕು ತನ್ನ ನೆಲೆಯ ಗುರುತನ್ನು ಇನ್ನಷ್ಟು ಹಾಕಲು ಹವಣಿಸುವುದೂ ಉಂಟು.

ಕೆಲವು ದೇಶಗಳಲ್ಲಿ ಇನ್ನೂ ಕ್ರೂರವಾದ ಒಂದು ಉಪಾಯ ರೂಢಿಗೆ ಬಂದಿತು. ಅದು ಬೆಕ್ಕಿನ ಉಗುರುಗಳನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು. ಕೇಳಲು ಉಗುರು ಕತ್ತರಿಸಿದಷ್ಟೇ ಹಗುರವಾಗಿ ತೋರುವ ಈ ಕಾರ್ಯ ನಿಜವಾಗಿ ಅಂಗಚ್ಛೇದನವೇ ಆಗಿದೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುವುದರಿಂದ ಆ ಮೂಳೆಯನ್ನೇ ಕತ್ತರಿಸಬೇಕಾಗುತ್ತದೆ. ನಮ್ಮ ಒಂದೊಂದು ಬೆರಳನ್ನೂ ತುದಿಯ ಗೆಣ್ಣಿನಿಂದ ತೆಗೆದಂತೆ! ಆನಂತರ ಎಷ್ಟೋ ಬೆಕ್ಕುಗಳು ನೋವಿನಿಂದ ಬಳಲುತ್ತವೆ. ಆತ್ಮರಕ್ಷಣೆಗೆ ಉಗುರಿಲ್ಲದೆ ಕಚ್ಚುವುದನ್ನು ಕಲಿಯುವುದೂ ಉಂಟು. ಇಸ್ರೇಲ್ ದೇಶ 2011ರಲ್ಲಿಯೂ ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿಯೂ ಇದನ್ನು ಕಾನೂನಿನಿಂದ ನಿಷೇಧಿಸಿದವು. ವೈದ್ಯಕೀಯ ಅಗತ್ಯವಿದ್ದಾಗ ಮಾತ್ರ ಅದಕ್ಕೆ ಅವಕಾಶ. ಹಾಗೆಯೇ ಗೋಣಿಚೀಲದ ಉಪಾಯವೂ ನಿರ್ದೋಷವಾದುದಲ್ಲ. ಮನೆಯ ಅನ್ನಕ್ಕೆ ಒಗ್ಗಿದ ಪ್ರಾಣಿಯನ್ನು ಕಾಣದ ಊರಿನಲ್ಲಿ ಬಿಟ್ಟರೆ ಹಸಿವು, ಬೀದಿನಾಯಿ, ವಾಹನಗಳ ಬಾಯಿಗೆ ಅದನ್ನು ಒಪ್ಪಿಸಿದಂತೆಯೇ ಸರಿ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಎಲ್ಲ ಜೀವಿಗಳಲ್ಲಿ ದಯೆಯಿರಬೇಕೆಂಬುದನ್ನು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನವೇ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ.

ಪಶುವೈದ್ಯರು ಹೇಳಿದ ಮಾರ್ಗ ಇವೆಲ್ಲಕ್ಕಿಂತ ಸುಲಭವಾಗಿತ್ತು. "ಬೇಡ ಎನ್ನುವುದಕ್ಕೆ ಮೊದಲು ಬೇಕಾದುದನ್ನು ಕೊಡಿ. ಕುರ್ಚಿಗಿಂತ ಒಳ್ಳೆಯ ಮರವೊಂದನ್ನು ಅದರ ಪಕ್ಕದಲ್ಲಿಯೇ ಇಡಿ" ಎಂದರು ಅವರು. ಕಂಬ ಹೇಗಿರಬೇಕೆಂಬುದನ್ನೂ ವಿವರಿಸಿದರು. ಬೆಕ್ಕು ಹಿಂಗಾಲ ಮೇಲೆ ನಿಂತು ಮೈಯನ್ನು ಪೂರ್ತಿಯಾಗಿ ಎಳೆಯುವಷ್ಟು ಎತ್ತರವಿರಬೇಕು. ಎಷ್ಟು ಜಗ್ಗಿದರೂ ಅಲುಗದಂತೆ ಬುಡ ಭಾರವಾಗಿರಬೇಕು, ಏಕೆಂದರೆ ಒಮ್ಮೆ ಮೈಮೇಲೆ ಉರುಳಿದ ಕಂಬದ ಹತ್ತಿರ ಬೆಕ್ಕು ಮತ್ತೆ ಸುಳಿಯಲಾರದು. ಮೈ ಒರಟಾಗಿದ್ದು ಉಗುರು ನಾಟುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಯಾರೂ ಓಡಾಡದ ಮೂಲೆಗೆ ತಳ್ಳದೆ, ಬೆಕ್ಕು ಮಲಗುವ ಮತ್ತು ಪರಚುವ ಎಡೆಯಲ್ಲಿಯೇ ನಿಲ್ಲಿಸಬೇಕು.

ನಮ್ಮ ಬೀದಿಯ ಬಡಗಿಯಿಂದ 3 ಅಡಿ ಎತ್ತರದ ಒಂದು ಮರದ ತುಂಡನ್ನು ತಂದು, ಅಗಲವಾದ ದಪ್ಪ ಹಲಗೆಯ ಮೇಲೆ ಬಿಗಿಯಾಗಿ ಕೂರಿಸಿದ್ದಾಯಿತು. ಅಂಗಡಿಯಿಂದ ತೆಂಗಿನ ನಾರಿನ ಹಗ್ಗ ಬಂದಿತು. ನಾನೂ ಮಗಳೂ ಜಗಲಿಯಲ್ಲಿ ಕುಳಿತು ಹಗ್ಗ ಸುತ್ತತೊಡಗಿದೆವು. ಒಂದು ಕಡೆ ಸುತ್ತಿದರೆ ಇನ್ನೊಂದು ಕಡೆ ಸಡಿಲವಾಗುತ್ತಿತ್ತು. ಬಾಗಿಲಲ್ಲಿ ನಿಂತು ಬಹಳ ಹೊತ್ತಿನಿಂದ ನೋಡುತ್ತಿದ್ದ ತಾಯಿಯವರು ಕೊನೆಗೆ ತಡೆಯಲಾರದೆ, "ಹಾಗಲ್ಲ, ಇಲ್ಲಿ ಕೊಡು" ಎಂದು ಬಂದು ಕುಳಿತರು. ಹಳ್ಳಿಯಲ್ಲಿ ನಲವತ್ತು ವರ್ಷ ಬಾವಿಯ ಹಗ್ಗವನ್ನೂ ಕರುವಿನ ಹಗ್ಗವನ್ನೂ ಹಿಡಿದ ಕೈಗಳು ಅವು. ಮಗಳಿಗೆ ಕಂಬವನ್ನು ತಿರುಗಿಸಲು ಹೇಳಿ, ಒಂದೊಂದು ಸುತ್ತನ್ನೂ ಹಿಂದಿನ ಸುತ್ತಿಗೆ ಒತ್ತಿ ಕೂರಿಸುತ್ತ ಬುಡದಿಂದ ತುದಿಯವರೆಗೆ ಹಗ್ಗವನ್ನು ಬಿಗಿದರು. ಕೊನೆಯ ಗಂಟು ಹಾಕಿ, "ಇನ್ನು ಹುಲಿ ಬಂದು ಎಳೆದರೂ ಬಿಚ್ಚುವುದಿಲ್ಲ" ಎಂದರು. ಕುರ್ಚಿ ಕಿತ್ತ ದಿನದಿಂದ ಅವರು ನಗುತ್ತ ಆಡಿದ ಮೊದಲ ಮಾತು ಅದು.

ಕಂಬವನ್ನು ಕುರ್ಚಿಯ ಬೆನ್ನಿಗೆ ಒತ್ತಿದಂತೆ ನಿಲ್ಲಿಸಿ, ಕುರ್ಚಿಗೆ ಉಗುರು ನಾಟದಂಥ ನುಣುಪಾದ ದಪ್ಪ ಹೊದಿಕೆಯನ್ನು ಬಿಗಿಯಾಗಿ ಕಟ್ಟಿದೆವು. ಹಳೆಯ ಮರ ರುಚಿಗೆಟ್ಟಾಗ ತಾನೆ ಹೊಸ ಮರದ ಕಡೆಗೆ ಗಮನ ಹೋಗುವುದು! ಮೊದಲ ಎರಡು ದಿನ ಮಲ್ಲಿ ಕಂಬವನ್ನು ಮೂಸಿ ನೋಡಿ ಸುಮ್ಮನೆ ಹೋಯಿತು. ಅದರ ಪಂಜ ಹಿಡಿದು ಕಂಬಕ್ಕೆ ಉಜ್ಜಿಸಲು ಮಗಳು ಹೊರಟಾಗ ನಾನು ತಡೆದೆ. ಬಲವಂತಕ್ಕೆ ಬೆಕ್ಕು ಹೆದರುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಅದಕ್ಕೆ ಬದಲಾಗಿ ಅವಳು ಒಂದು ದಾರವನ್ನು ಕಂಬದ ಮೇಲೆ ಆಡಿಸಿದಳು. ದಾರವನ್ನು ಹಿಡಿಯಲು ನೆಗೆದ ಬೆಕ್ಕಿನ ಉಗುರು ಹಗ್ಗಕ್ಕೆ ನಾಟಿತು. ಅದು ಒಂದು ಕ್ಷಣ ನಿಂತು, ಇನ್ನೊಂದು ಪಂಜವನ್ನೂ ಊರಿ, ಕಿವಿಗಳನ್ನು ಹಿಂದಕ್ಕೆ ಮಾಡಿ, ನಾರು ಹಾರುವಂತೆ ಜಗ್ಗಿತು. ಮಗಳು ಆ ಕ್ಷಣದಲ್ಲಿಯೇ ಒಂದು ಮೀನಿನ ತುಣುಕನ್ನು ಅದರ ಮುಂದಿಟ್ಟಳು. ಪ್ರಾಣಿಗಳಿಗೆ ಬಹುಮಾನ ತಡವಾಗಿ ಬಂದರೆ ಅದು ಯಾವ ಕೆಲಸಕ್ಕೆ ಬಂದುದೆಂದು ಅವುಗಳಿಗೆ ತಿಳಿಯುವುದಿಲ್ಲ.

ಜೊತೆಗೆ, ಎರಡು ಮೂರು ವಾರಗಳಿಗೊಮ್ಮೆ ಉಗುರಿನ ಚೂಪಾದ ತುದಿಯನ್ನಷ್ಟೇ ಕತ್ತರಿಸುವುದನ್ನು ಕಲಿತೆವು. ಉಗುರಿನೊಳಗೆ ನಸುಗೆಂಪಾಗಿ ಕಾಣುವ ಭಾಗದಲ್ಲಿ ರಕ್ತನಾಳಗಳೂ ನರಗಳೂ ಇರುವುದರಿಂದ ಅಲ್ಲಿಗೆ ಕತ್ತರಿ ತಾಗಬಾರದು. ಎಲ್ಲ ಬೆಕ್ಕುಗಳ ಅಭಿರುಚಿಯೂ ಒಂದೇ ಆಗಿರುವುದಿಲ್ಲವೆಂಬುದೂ ನಮಗೆ ತಿಳಿದುಬಂದಿತು. ಕೆಲವಕ್ಕೆ ನಿಂತ ಕಂಬ ಇಷ್ಟ. ಕೆಲವು ನೆಲದ ಮೇಲೆ ಹಾಸಿದ ಗೋಣಿತಾಟನ್ನೋ ದಪ್ಪ ರಟ್ಟನ್ನೋ ಬಯಸುತ್ತವೆ. ಹೊದಿಕೆಯನ್ನು ಕೂಡಲೇ ತೆಗೆಯದೆ, ಅಭ್ಯಾಸ ಬಲಿಯುವವರೆಗೆ ಕಾಯಬೇಕು. ಕಂಬವನ್ನು ಬೇರೆಡೆಗೆ ಸರಿಸಬೇಕಾದರೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಬೇಕು. ಹಗ್ಗ ನಾರು ನಾರಾಗಿ ಹೋಯಿತೆಂದು ಒಮ್ಮೆಲೇ ಎಸೆಯಲೂ ಬಾರದು. ನಮ್ಮ ಕಣ್ಣಿಗೆ ಅದು ಹಾಳಾಗಿ ಕಂಡರೂ ಬೆಕ್ಕಿಗೆ ತನ್ನ ಗಂಧದಿಂದ ಆಪ್ತವಾದ ವಸ್ತು ಅದು.

ತಿಂಗಳು ಮುಗಿಯುವ ಹೊತ್ತಿಗೆ ಮಲ್ಲಿ ಕುರ್ಚಿಯನ್ನು ಪೂರ್ತಿಯಾಗಿ ಮರೆಯಿತೆಂದು ಹೇಳಲಾರೆ. ಒಮ್ಮೊಮ್ಮೆ ಹೊದಿಕೆಯ ಕಡೆಗೆ ಪಂಜ ಎತ್ತುತ್ತಿತ್ತು, ನುಣುಪು ತಗಲಿದೊಡನೆ ಕಂಬಕ್ಕೆ ಬರುತ್ತಿತ್ತು. ಮೂರನೆಯ ತಿಂಗಳಿನಲ್ಲಿ ನಾವು ಹೊದಿಕೆಯನ್ನು ತೆಗೆದೆವು. ಅದು ಕುರ್ಚಿಯ ಪಕ್ಕದಲ್ಲಿಯೇ ಹಾದು ಕಂಬದ ಬಳಿಗೆ ಹೋಯಿತು. ಬೆತ್ತ ಹೆಣೆಯುವವರನ್ನು ಕರೆಸಿ ಬೆನ್ನನ್ನು ಹೊಸದಾಗಿ ಹೆಣೆಸೋಣವೆಂದು ನಾನು ಹೇಳಿದಾಗ ತಾಯಿಯವರು ಸ್ವಲ್ಪ ಹೊತ್ತು ಯೋಚಿಸಿದರು. "ಕಿತ್ತಷ್ಟನ್ನು ಮಾತ್ರ ಹೆಣೆಸು. ಉಳಿದದ್ದು ಅವರು ಒರಗಿದ ಬೆತ್ತ" ಎಂದರು. ಹಾಗೆಯೇ ಮಾಡಿಸಿದೆ. ಹಳೆಯ ಬೆತ್ತದ ಕಂದು ಬಣ್ಣದ ನಡುವೆ ಹೊಸ ಎಳೆಗಳು ಇಂದಿಗೂ ತಿಳಿಹಳದಿಯಾಗಿ ಎದ್ದು ಕಾಣುತ್ತವೆ.

ಒಂದು ಮನೆಯಲ್ಲಿ ಹಲವು ಜೀವಗಳು ಕೂಡಿ ಬಾಳುವಾಗ ಒಬ್ಬರ ಅಗತ್ಯ ಇನ್ನೊಬ್ಬರಿಗೆ ಉಪದ್ರವವಾಗಿ ತೋರುವುದು ಅಪರೂಪವಲ್ಲ. ಗೋಡೆಯ ಮೇಲೆ ಗೀಚುವ ಮಗುವಿಗೆ ಬೈದರೆ ಅದರ ಕೈ ನಿಲ್ಲುವುದಿಲ್ಲ. ಒಂದು ಹಲಗೆಯನ್ನೂ ಬಳಪವನ್ನೂ ಕೊಟ್ಟರೆ ಗೋಡೆ ಉಳಿಯುತ್ತದೆ, ಮಗುವಿನ ಚಿತ್ರವೂ ಉಳಿಯುತ್ತದೆ. ಮಳೆಯ ನೀರು ಅಂಗಳಕ್ಕೆ ನುಗ್ಗುತ್ತದೆಂದು ಮಳೆಯನ್ನು ಶಪಿಸುವ ರೈತನಿಲ್ಲ; ಅವನು ಗುದ್ದಲಿ ಹಿಡಿದು ಕಾಲುವೆ ತೋಡುತ್ತಾನೆ. ಸ್ವಭಾವವನ್ನು ಅಳಿಸಲಾಗುವುದಿಲ್ಲ. ಅದಕ್ಕೊಂದು ದಾರಿ ತೋರಿಸಬಹುದು. ದಾರಿ ತೋರಿಸಬೇಕಾದರೆ ಮೊದಲು ಅದೇನೆಂದು ತಾಳ್ಮೆಯಿಂದ ನೋಡಬೇಕು. ಮಾತು ಬಾರದ ಪ್ರಾಣಿಗಳ ವಿಷಯದಲ್ಲಿ ಈ ನೋಡುವ ಹೊಣೆ ಪೂರ್ತಿಯಾಗಿ ನಮ್ಮದೇ.

ಈಚೆಗೆ ಪಕ್ಕದ ಮನೆಯವರೂ ಒಂದು ಬೆಕ್ಕಿನ ಮರಿಯನ್ನು ತಂದಿದ್ದಾರೆ. ಹೊಸ ಸೋಫಾದ ಬಟ್ಟೆಯನ್ನೆಲ್ಲ ಅದು ಕಿತ್ತಿತೆಂದು ಆ ಮನೆಯಾಕೆ ಬೇಲಿಯ ಬಳಿ ನಿಂತು ದೂರುತ್ತಿದ್ದರು. ತಾಯಿಯವರು ಎಲ್ಲವನ್ನೂ ಕೇಳಿ, "ಅದಿರಲಿ, ನಿಮ್ಮ ಮರಿ ಮಲಗುವುದು ಎಲ್ಲಿ? ಎದ್ದ ಮೇಲೆ ಮೊದಲು ಯಾವ ಕಡೆಗೆ ಹೋಗುತ್ತದೆ?" ಎಂದು ವಿಚಾರಿಸತೊಡಗಿದರು. ಮರುದಿನ ನಮ್ಮ ಜಗಲಿಯ ಮೇಲೆ ತೆಂಗಿನ ನಾರಿನ ಹಗ್ಗದ ಇನ್ನೊಂದು ಸುರುಳಿ ಬಂದು ಬಿದ್ದಿತ್ತು.